ಹೆಚ್ಚು ಕಡಿಮೆ

ನಮ್ಮ ಕಡೆ, ಅಂದರೆ ಕಾಸರಗೋಡಿನ ಚಂದ್ರಗಿರಿ ಹೊಳೆಯಿಂದ ಬಡಗಿಗೆ, ಭೂಗೋಳ ಬಹಳ ಸರಳ. ಓದುವವರು ಅಮೆರಿಕಕ್ಕೆ ಹೋಗುತ್ತಾರೆ, ದುಡಿಯುವವರು ಗಲ್ಫಿಗೆ ಹೋಗುತ್ತಾರೆ, ಎರಡೂ ಬೇಡವೆಂದವರು ಊರಲ್ಲೇ ನಿಂತು ಅಡಿಕೆಗೆ ಮದ್ದು ಬಿಡಿಸುತ್ತಾರೆ. ಗಲ್ಫ್ ಎಂದರೆ ಮಸ್ಕತ್ತಿರಲಿ, ದೋಹಾ ಇರಲಿ, ಅಜ್ಜಿಯ ಲೆಕ್ಕದಲ್ಲಿ ಎಲ್ಲವೂ ದುಬಾಯಿ. ಹೀಗಿರುವಾಗ, ಗಣಿತದಲ್ಲಿ ಎಮ್ಮೆಸ್ಸಿ ಮಾಡಿದ ನಾನು ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಲಿಕ್ಕೆ ಅಬುಧಾಬಿಗೆ ಹೊರಟಿದ್ದೇನೆ ಎಂದಾಗ, ಊರಿನವರು ಒಂದೇ ವಾಕ್ಯದಲ್ಲಿ ಎರಡು ಸುಳ್ಳು ಕೇಳಿದವರಂತೆ ನನ್ನನ್ನು ನೋಡಿದರು.

"ಗಲ್ಫಿಗೆ ಯಾರಾದ್ರೂ ಓದ್ಲಿಕ್ಕೆ ಹೋಗ್ತಾರಾ ಮಾರಾಯಾ?" ಎಂದರು ಪಕ್ಕದ ತೋಟದ ಭಟ್ಟರು. ಅವರು ಬಹಳ ಕಾಲ ಶಾರ್ಜಾದಲ್ಲಿ ಅಕೌಂಟ್ಸ್ ಬರೆದು ಬಂದವರು. ಆದ್ದರಿಂದ ಗಲ್ಫಿನ ವಿಷಯದಲ್ಲಿ ಊರಿಗೆ ಸುಪ್ರೀಂ ಕೋರ್ಟು. "ವೀಸಾ ಯಾವುದು? ಕಂಪೆನಿದಾ, ಫ್ರೀ ವೀಸಾವಾ?"

"ಯೂನಿವರ್ಸಿಟಿದು."

"ಅದೆಂತ ಕಂಪೆನಿ? ಅಲ್ಲಿ ಪೆಟ್ರೋಲು ಬಿಟ್ರೆ ಎಂತ ಉಂಟು ನಿನಗೆ ಸಂಶೋಧನೆ ಮಾಡ್ಲಿಕ್ಕೆ?"

ನಾನು ಉತ್ಸಾಹದಿಂದ ಪಟ್ಟಿ ಒಪ್ಪಿಸಿದೆ. ಬರಾಕಾದಲ್ಲಿ ಅಣುಸ್ಥಾವರ ಇದೆ, 2020ರಿಂದ ಕರೆಂಟು ಕೊಡುತ್ತಿದೆ. ಅದೇ ವರ್ಷ ಜುಲೈಯಲ್ಲಿ ಎಮಿರೇಟ್ಸಿನವರು ಜಪಾನಿನಿಂದ ಹಾರಿಸಿದ 'ಹೋಪ್' ನೌಕೆ 2021ರ ಫೆಬ್ರವರಿ 9ರಂದು ಮಂಗಳನ ಕಕ್ಷೆ ಸೇರಿತು. ಭಟ್ಟರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು: "ಮಂಗಳಕ್ಕೂ ವೀಸಾ ಬಿಟ್ಟಿದ್ದಾರಾ?"

ಅಜ್ಜಿಯ ಸಂಶಯ ಬೇರೆ ಜಾತಿಯದು. "ಲೆಕ್ಕದಲ್ಲಿ ನೀನು ಪಾಸಾಗಿದ್ದೆ ಅಲ್ವಾ? ಮತ್ತೆ ಯಾಕೆ ಬೇರೆ ಸಬ್ಜೆಕ್ಟು ಕಟ್ಲಿಕ್ಕೆ?"

ಈ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಚೊಕ್ಕ ಉತ್ತರವಿಲ್ಲ. ನಾನು ಗಣಿತಕ್ಕೆ ಸೇರಿದ್ದಕ್ಕೆ ಮಾತ್ರ ಬಹಳ ಘನವಾದ ಕಾರಣವಿತ್ತು: ಗಣಿತಕ್ಕೆ ಪ್ರಾಕ್ಟಿಕಲ್ ಇಲ್ಲ. ಬಿಎಸ್ಸಿಯಲ್ಲಿ ಪಿಸಿಎಂ ಓದಿದವರಿಗೆ ಇದರ ಬೆಲೆ ಗೊತ್ತು. ವಾರಕ್ಕೊಮ್ಮೆ ಭೌತಶಾಸ್ತ್ರದ ಲ್ಯಾಬಿಗೆ ಹೋಗಿ, ಲೋಲಕ ತೂಗಿ, ಸ್ಟಾಪ್‌ವಾಚು ಒತ್ತಿ, ಗುರುತ್ವವೇಗೋತ್ಕರ್ಷದ ಬೆಲೆ 9.8 ಬರಿಸಬೇಕು. ಅದು 9.8 ಎಂದು ಇಡೀ ಕ್ಲಾಸಿಗೆ ಮೊದಲೇ ಗೊತ್ತು. ಆದ್ದರಿಂದ ಪ್ರಯೋಗದ ಉದ್ದೇಶ ಬೆಲೆಯನ್ನು ಕಂಡುಹಿಡಿಯುವುದಲ್ಲ, ಅದಕ್ಕೆ ತಕ್ಕ ಓದುಗಳನ್ನು ಹಿಂದಿನಿಂದ ಮುಂದಕ್ಕೆ ತಯಾರಿಸುವುದು. ಆಮೇಲೆ ರೆಕಾರ್ಡ್ ಪುಸ್ತಕ, ಎಡಗಡೆ ಪೆನ್ಸಿಲ್ ಚಿತ್ರ, ಬಲಗಡೆ ನೀಲಿ ಶಾಯಿ, ಕೊನೆಗೆ ಯಾರೂ ಪಾಲಿಸದ ಮುನ್ನೆಚ್ಚರಿಕೆಗಳು. ಸ್ಕ್ರೂ ಗೇಜಿಗೆ ಹುಟ್ಟಿನಿಂದಲೇ ಒಂದು ಸೊನ್ನೆ ದೋಷ. ಎಲ್ಲದಕ್ಕೂ ಒಂದು ಹೆಚ್ಚು, ಒಂದು ಕಡಿಮೆ. ಇಂಥ ಅಳ್ಳಕ ಶಾಸ್ತ್ರ ನಮಗೆ ಬೇಡವೆಂದು ನಾನು ಕೊಣಾಜೆಯ ಮಂಗಳಗಂಗೋತ್ರಿಗೆ ಹೋಗಿ ಗಣಿತದ ಎಮ್ಮೆಸ್ಸಿಗೆ ಸೇರಿದೆ.

ಅಲ್ಲಿ ಸ್ವರ್ಗ. ಬೆಟ್ಟದ ಮೇಲೆ ಗಾಳಿ, ಕೈಯಲ್ಲಿ ಸೀಮೆಸುಣ್ಣ, ಜಗತ್ತಿನ ಯಾವ ವಸ್ತುವನ್ನೂ ಮುಟ್ಟಬೇಕಾಗಿಲ್ಲ. ನೀವು ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಡಿ, ನಾವು ಅದಕ್ಕೊಂದು ಡೆಲ್ಟಾ ತಂದುಕೊಡುತ್ತೇವೆ. ಪರಿಹಾರ ಇದೆಯೇ ಎಂದು ಕೇಳಿದರೆ ಇದೆ ಎಂದು ಸಾಧಿಸುತ್ತೇವೆ. ಒಂದೇ ಇದೆಯೇ ಎಂದರೆ ಒಂದೇ ಎಂದು ಸಾಧಿಸುತ್ತೇವೆ. ಅದು ಯಾವುದು ಎಂದು ಯಾರಾದರೂ ಕೇಳಿದರೆ ಅವರನ್ನು ಎಂಜಿನಿಯರಿಂಗ್ ಕಾಲೇಜಿನ ಕಡೆಗೆ ಕಳುಹಿಸುತ್ತೇವೆ. ಎರಡು ವರ್ಷ ನಾನು ಸಂಖ್ಯೆಗಳನ್ನು ಕಂಡದ್ದು ಪುಟಗಳ ಮೂಲೆಯಲ್ಲಿ ಮಾತ್ರ.

ಕೋರ್ಸು ಮುಗಿದ ಮೇಲೆ ಗಣಿತದವನ ಮುಂದೆ ಇರುವ ದಾರಿಗಳು ನಿಮಗೆ ಗೊತ್ತಿರುವಂಥವೇ: ಬಿಎಡ್, ಬ್ಯಾಂಕ್ ಪರೀಕ್ಷೆ, ನೆಟ್, ಟ್ಯೂಷನ್. ನಾನು ನಾಲ್ಕಕ್ಕೂ ಒಂದೊಂದು ಕಾಲು ಇಟ್ಟು ನಿಂತಿದ್ದಾಗ ಅಬುಧಾಬಿಯ ಒಂದು ವಿಶ್ವವಿದ್ಯಾಲಯದ ಜಾಹೀರಾತು ಕಂಡಿತು. ಭೌತಶಾಸ್ತ್ರ ವಿಭಾಗಕ್ಕೆ ಸಂಶೋಧಕರು ಬೇಕು. ಭೌತಶಾಸ್ತ್ರ ಅಥವಾ ಸಂಬಂಧಪಟ್ಟ ವಿಷಯದಲ್ಲಿ ಪದವಿ ಇರಬೇಕು. ಸಂಬಂಧ ಹೇಳಿಕೊಂಡು ಬೇರೆಯವರ ಮನೆಗೆ ಊಟಕ್ಕೆ ಹೋಗುವುದು ನಮ್ಮ ಕಡೆ ಹೊಸತಲ್ಲ. ಅರ್ಜಿ ಹಾಕಿದೆ.

ಧೈರ್ಯಕ್ಕೆ ಹಿರಿಯರೂ ಇದ್ದರು. ಕನ್ನಡದಲ್ಲಿ ನಕ್ಷತ್ರಗಳ ಬಗ್ಗೆ ಓದಿದ ಎಲ್ಲರಿಗೂ ಜಿ.ಟಿ. ನಾರಾಯಣರಾಯರ ಹೆಸರು ಗೊತ್ತಿರುತ್ತದೆ. ಮಡಿಕೇರಿಯವರು, ಓದಿದ್ದು ಕಲಿಸಿದ್ದು ಗಣಿತ, ಬರೆದದ್ದು ಆಕಾಶದ ಬಗ್ಗೆ. ಹೊರಗಿನವರು ಬೇಕೆಂದರೆ ಫ್ರೀಮನ್ ಡೈಸನ್ ಇದ್ದಾರೆ. ಕೇಂಬ್ರಿಜ್‌ನಲ್ಲಿ ಗಣಿತ ಓದಿ, 1947ರಲ್ಲಿ ಅಮೆರಿಕದ ಕಾರ್ನೆಲ್‌ಗೆ ಹೋಗಿ, ಪಿಎಚ್‌ಡಿಯ ಗೊಡವೆಯೇ ಇಲ್ಲದೆ ದೊಡ್ಡ ಭೌತವಿಜ್ಞಾನಿಯಾದವರು. ಈ ಮಾತನ್ನು ಭಟ್ಟರಿಗೂ ಹೇಳಿದೆ. "ಅವರಿಗೆ ಅಟೆಸ್ಟೇಷನ್ ಯಾರು ಮಾಡಿಸಿಕೊಟ್ರು?" ಎಂದರು ಭಟ್ಟರು. ಅನುಭವದ ಮಾತು ಅದು. ನನಗೆ ಆಗ ಅರ್ಥವಾಗಲಿಲ್ಲ.

ಎಮಿರೇಟ್ಸಿನಲ್ಲಿ ಕೆಲಸಕ್ಕೆ ಸೇರಬೇಕಾದರೆ ನೀವು ಓದಿರಬೇಕೆಂದೇನೂ ಇಲ್ಲ, ಓದಿದ್ದು ಅಟೆಸ್ಟ್ ಆಗಿರಬೇಕು. ಮೊದಲು ವಿಶ್ವವಿದ್ಯಾಲಯ ಇದು ನಮ್ಮ ಹುಡುಗನೇ ಹೌದು ಎನ್ನಬೇಕು. ವಿಶ್ವವಿದ್ಯಾಲಯ ಹೇಳಿದ್ದು ಹೌದು ಎಂದು ಬೆಂಗಳೂರಿನಲ್ಲಿ ರಾಜ್ಯ ಸರ್ಕಾರ ಹೇಳಬೇಕು. ರಾಜ್ಯ ಹೇಳಿದ್ದು ಹೌದು ಎಂದು ದೆಹಲಿಯ ವಿದೇಶಾಂಗ ಸಚಿವಾಲಯ ಹೇಳಬೇಕು. ಸಚಿವಾಲಯ ಹೇಳಿದ್ದು ಹೌದು ಎಂದು ಎಮಿರೇಟ್ಸಿನ ರಾಯಭಾರ ಕಚೇರಿ ಹೇಳಬೇಕು. ರಾಯಭಾರ ಕಚೇರಿ ಹೇಳಿದ್ದು ಹೌದು ಎಂದು ಅಲ್ಲಿಗೆ ಹೋದ ಮೇಲೆ ಅವರದೇ ವಿದೇಶಾಂಗ ಸಚಿವಾಲಯ ಹೇಳಬೇಕು. ಗಣಿತದಲ್ಲಿ ಇದಕ್ಕೆ ಅನುಗಮನ ವಿಧಾನ ಎನ್ನುತ್ತಾರೆ. ನಾನು ಅಷ್ಟರವರೆಗೆ ದೆಹಲಿ ನೋಡಿರಲಿಲ್ಲ, ನನ್ನ ಸರ್ಟಿಫಿಕೇಟು ನೋಡಿ ಬಂತು. ಅದರ ಬೆನ್ನ ಮೇಲೆ ಬಿದ್ದ ಸೀಲುಗಳ ಮುಂದೆ ಎದುರಿಗಿದ್ದ ನನ್ನ ಹೆಸರು ಮಂಕಾಗಿ ಕಾಣತೊಡಗಿತು.

ಇದರ ಜೊತೆಗೆ ನಮ್ಮ ಗಡಿನಾಡಿನ ವಿಶೇಷ ತಾಪತ್ರಯ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಪ್ರಕಾರ ವಿಂಗಡಿಸುವಾಗ ನಮ್ಮನ್ನು ಕೇರಳಕ್ಕೆ ಹಾಕಿದರು. ಹಾಗಾಗಿ ನನ್ನ ಪಾಸ್‌ಪೋರ್ಟು ಕೋಳಿಕ್ಕೋಡಿನದು, ಡಿಗ್ರಿ ಕರ್ನಾಟಕದ್ದು, ಮನೆಮಾತು ಕನ್ನಡ, ವಿಷಯ ಗಣಿತ, ಕೆಲಸ ಭೌತಶಾಸ್ತ್ರ. ಅಬುಧಾಬಿಗೆ ಬಂದಿಳಿದ ಮೇಲೆ ಒಂದು ಕೌಂಟರಿನಲ್ಲಿ ಇವೆಲ್ಲವನ್ನೂ ಒಟ್ಟಿಗೆ ನೋಡಿದ ಸಂಭಾವಿತರು, ಇಷ್ಟು ಮಂದಿಯಲ್ಲಿ ಕೆಲಸಕ್ಕೆ ಸೇರುವವರು ಯಾರು ಎಂಬಂತೆ ನನ್ನ ಹಿಂದೆ ಇಣುಕಿದರು. ಗಣಿತದ ಡಿಗ್ರಿಗೆ ಭೌತಶಾಸ್ತ್ರದ ಹುದ್ದೆ ಹೇಗೆ ಎಂಬ ಪ್ರಶ್ನೆ ಎದ್ದಿತು. ನನಗಿಂತ ಮೊದಲು ಈ ಪ್ರಶ್ನೆಯನ್ನು ನ್ಯೂಟನ್ನನಿಗೆ ಕೇಳಬೇಕಾಗಿತ್ತು.

ಬಿಡಿಸಿದವರು ಟೈಪಿಂಗ್ ಸೆಂಟರಿನವರು. ಎಮಿರೇಟ್ಸನ್ನು ನಡೆಸುವುದು ಎಣ್ಣೆಯೂ ಅಲ್ಲ, ಬ್ಯಾಂಕೂ ಅಲ್ಲ, ಟೈಪಿಂಗ್ ಸೆಂಟರು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಹುಟ್ಟು, ಮದುವೆ, ವೀಸಾ, ಬಾಡಿಗೆ ಎಲ್ಲವೂ ಆ ಸಣ್ಣ ಅಂಗಡಿಯ ಕೀಬೋರ್ಡಿನ ಮೂಲಕವೇ ಅರಬಿಗೆ ಇಳಿದು ಸರ್ಕಾರದ ಮುಂದೆ ನಿಲ್ಲಬೇಕು. ಅಲ್ಲಿದ್ದ ಕಾಞಂಗಾಡಿನ ಕಾಕ ನನ್ನ ಊರು ಕೇಳಿ "ನಮ್ಮವನೇ" ಎಂದರು. ಕಾಗದ ನೋಡಿ ನಕ್ಕರು. "ಮ್ಯಾಥಮೆಟಿಕ್ಸ್, ಫಿಸಿಕ್ಸ್ ಎಂತಕ್ಕೆ ಜಗಳ? ಎರಡೂ ಸೈನ್ಸ್ ತಾನೇ? ಮಾಸ್ಟರ್ ಆಫ್ ಸೈನ್ಸ್ ಅಂತ ಇಲ್ಲೇ ಬರೆದುಂಟು." ಪುರಾತನ ಗ್ರೀಸಿನಿಂದ ನಡೆದುಬಂದ ತಕರಾರು ಒಂದು ಕರಕ್ ಚಾ ತಣಿಯುವುದರೊಳಗೆ ಇತ್ಯರ್ಥವಾಯಿತು.

ಇನ್ನು ವಿಭಾಗ. ನಮ್ಮ ಪ್ರೊಫೆಸರ್ ಮೇಡಂ ಮೊದಲ ದಿನವೇ, ತಮ್ಮನ್ನು ಮೊದಲ ಹೆಸರಿನಿಂದ ಕರೆಯಬೇಕೆಂದು ತಾಕೀತು ಮಾಡಿದರು. ಅಧ್ಯಾಪಕರ ಹೆಸರನ್ನು ಅವರ ಬೆನ್ನ ಹಿಂದೆ ಮಾತ್ರ ಹೇಳಿ ಅಭ್ಯಾಸವಿದ್ದ ನನಗೆ ಇದು ಆಗುವ ಮಾತಲ್ಲ. ಅವರ ಗಮನ ಸೆಳೆಯಬೇಕಾದಾಗ ನಾನು ಕೆಮ್ಮುತ್ತಿದ್ದೆ. ಈ ಹುಡುಗನಿಗೆ ಎಸಿ ಗಾಳಿ ಒಗ್ಗುವುದಿಲ್ಲವೆಂದು ಅವರು ನನ್ನ ಮೇಜನ್ನು ಬಿಸಿಲಿನ ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಟ್ಟರು.

ಅವರ ವಿಷಯ ದ್ರವ, ಅನಿಲಗಳ ಕ್ಷುಬ್ಧ ಹರಿವು. ನಲ್ಲಿಯ ನೀರು, ವಿಮಾನದ ರೆಕ್ಕೆಯ ಮೇಲಿನ ಗಾಳಿ, ಸೂರ್ಯನ ಒಡಲಿನ ಅನಿಲ, ಎಲ್ಲಕ್ಕೂ ಹೆಚ್ಚು ಕಡಿಮೆ ಒಂದೇ ಸಮೀಕರಣ. 1822ರಲ್ಲಿ ಫ್ರಾನ್ಸಿನ ನೇವಿಯೇ ಬರೆದದ್ದು, 1845ರಲ್ಲಿ ಸ್ಟೋಕ್ಸ್ ಸರಿಯಾಗಿ ಕಟ್ಟಿದ್ದು. ಈ ಸಮೀಕರಣ ನನಗೆ ಹೊಸತಲ್ಲ. ಗಣಿತದವರಿಗೆ ಅದು ಗರ್ಭಗುಡಿಯ ವಿಗ್ರಹ. ಮೂರು ಆಯಾಮಗಳಲ್ಲಿ ಅದಕ್ಕೆ ಸದಾಕಾಲ ನಯವಾಗಿ ಉಳಿಯುವ ಪರಿಹಾರ ಇದ್ದೇ ಇರುತ್ತದೆಯೇ ಎಂಬುದು ಇನ್ನೂ ಯಾರಿಗೂ ಸಾಧಿಸಲು ಆಗಿಲ್ಲ. ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಏಳು ಪ್ರಶ್ನೆಗಳಿಗೆ ತಲಾ 10 ಲಕ್ಷ ಡಾಲರ್ ಬಹುಮಾನ ಘೋಷಿಸಿತು, ಇದು ಅದರಲ್ಲೊಂದು. ಇಂಥ ದೇವರನ್ನು ನಾವು ಮಡಿಯಲ್ಲಿ, ದೂರದಿಂದ ನೋಡುವವರು.

ಮೇಡಂ ಅದನ್ನು ಮುಸುರೆ ಕೈಯಲ್ಲೇ ಮುಟ್ಟಿದರು. ಬೋರ್ಡಿನ ಮೇಲೆ ಬರೆದು, "ಈ ಪದ ಚಿಕ್ಕದು, ಬಿಡೋಣ" ಎಂದು ಒಂದನ್ನು ಹೊಡೆದುಹಾಕಿದರು. "ಇದನ್ನು ಸ್ಥಿರ ಎಂದುಕೊಳ್ಳೋಣ" ಎಂದು ಇನ್ನೊಂದರ ಕತ್ತು ಹಿಸುಕಿದರು. ಉಳಿದದ್ದನ್ನು ಕಂಪ್ಯೂಟರಿಗೆ ಹಾಕಿ, ಸಂಜೆಗೆ ಬಣ್ಣಬಣ್ಣದ ಚಿತ್ರ ತೆಗೆದು ತೋರಿಸಿದರು. ಪರಿಹಾರ ಅಸ್ತಿತ್ವದಲ್ಲಿದೆಯೇ ಎಂಬುದೇ ಗೊತ್ತಿಲ್ಲವಲ್ಲ ಎಂದು ನಾನು ಕೆಮ್ಮಿದೆ. "ಇದೆಯಲ್ಲ, ಇಲ್ಲೇ, ನೀಲಿ ಬಣ್ಣದಲ್ಲಿ" ಎಂದರು ಅವರು.

ಅವರ ಪ್ರಶ್ನೆ ಯಾವಾಗಲೂ ಒಂದೇ: ಎಷ್ಟು? ವೇಗ ಹೆಚ್ಚಾಗುತ್ತದೆ ಎಂದರೆ ಎಷ್ಟು. ಚಿಕ್ಕದು ಎಂದರೆ ಯಾವುದಕ್ಕಿಂತ, ಎಷ್ಟು ಪಟ್ಟು. ಉತ್ತರ ಹೇಳಿದರೆ, ಹೆಚ್ಚು ಕಡಿಮೆ ಎಷ್ಟು? ಎರಡು ವರ್ಷ ಒಂದೂ ಸಂಖ್ಯೆ ಹೇಳದೆ ಪಾಸಾದವನಿಗೆ ಇದು ಪೊಲೀಸ್ ವಿಚಾರಣೆ. ಊರಿಗೆ ಫೋನ್ ಮಾಡಿದರೆ ಭಟ್ಟರದೂ ಅದೇ ಪ್ರಶ್ನೆ: "ಸಂಬಳ ಎಷ್ಟು? ಕೈಗೆ ಎಷ್ಟು? ರೂಮಿಗೆ ಎಷ್ಟು?" ನಮ್ಮೂರಿನವರೆಲ್ಲ ಮೊದಲಿನಿಂದಲೂ ಭೌತವಿಜ್ಞಾನಿಗಳೇ ಆಗಿದ್ದರು, ಗಣಿತದವನು ನಾನೊಬ್ಬನೇ ಇದ್ದದ್ದು.

ವಾರದ ಕೊನೆಗೆ ದುಬೈಯ ಕರಾಮಾದಲ್ಲಿರುವ ಸೋದರಮಾವನ ಮನೆಗೆ ಹೋಗುತ್ತೇನೆ. ಮಾವ ಎಸಿ ಮೆಕ್ಯಾನಿಕ್ ಆಗಿ ಬಂದವರು, ಈಗ ಒಂದು ಮೇಂಟೆನೆನ್ಸ್ ಕಂಪೆನಿಯ ಸೂಪರ್‌ವೈಸರು. ಅತ್ತೆ ನೀರುದೋಸೆ ಹೊಯ್ಯುತ್ತಿದ್ದಾಗ ನಾನು ಅವರಿಗೆ ನನ್ನ ಕೆಲಸ ವಿವರಿಸಿದೆ. ಹತ್ತು ಲಕ್ಷ ಡಾಲರ್ ಎಂದಾಗ ಮಾವ ತಟ್ಟೆಯಿಂದ ತಲೆಯೆತ್ತಿದರು.

"ಮೂವತ್ತಾರು ಲಕ್ಷದ ಎಪ್ಪತ್ತೆರಡು ಸಾವಿರದ ಐನೂರು ದಿರ್ಹಮ್" ಎಂದರು ಕ್ಯಾಲ್ಕುಲೇಟರ್ ಇಲ್ಲದೆ. ಡಾಲರಿಗೆ 3.6725 ದಿರ್ಹಮ್ ಎಂದು ಇಲ್ಲಿ 1997ರಿಂದ ಕಟ್ಟಿಹಾಕಿದ್ದಾರೆ. ಮರಳುಗಾಡಿನಲ್ಲಿ ನನಗೆ ಸಿಕ್ಕ ಏಕೈಕ ನಿಖರ ಸ್ಥಿರಾಂಕ ಇದು. ರೂಪಾಯಿಯ ದರ ಮಾತ್ರ ಕ್ಷುಬ್ಧ ಹರಿವು. ಅದನ್ನು ಮಾವ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನೋಡುತ್ತಾರೆ.

"ಪರಿಹಾರ ಉಂಟೂಂತ ತೋರಿಸಿದ್ರೆ ದುಡ್ಡು. ಇಲ್ಲಾಂತ ತೋರಿಸಿದ್ರೆ?"

"ಆಗಲೂ ಕೊಡ್ತಾರೆ ಮಾವ."

"ಹಾಗಾದ್ರೆ ಒಳ್ಳೇ ಪಾರ್ಟಿ. ನಮ್ಮ ಕ್ಲೈಂಟುಗಳು ಎಸಿ ಸರಿಯಾದ್ರೂ ಕೊಡೂದಿಲ್ಲ."

ಆಮೇಲೆ ನನ್ನನ್ನು ಪಕ್ಕದ ಕಟ್ಟಡಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಡಕ್ಟಿನಲ್ಲಿ ರಾತ್ರಿಯೆಲ್ಲ ಗೊರಗೊರ ಶಬ್ದವೆಂದು ಬಾಡಿಗೆದಾರರ ದೂರು. ಡಕ್ಟು ಒಂದಡಿ ಅಗಲ, ಗಾಳಿ ಸೆಕೆಂಡಿಗೆ ಐದು ಮೀಟರ್. ನಾನು ಮನಸ್ಸಿನಲ್ಲೇ ರೆನಾಲ್ಡ್ಸ್ ಸಂಖ್ಯೆ ಲೆಕ್ಕ ಹಾಕಿದೆ: ಒಂದು ಲಕ್ಷದ ಆಸುಪಾಸು. ಕೊಳವೆಗಳಲ್ಲಿ ಕೆಲವು ಸಾವಿರ ದಾಟಿದರೆ ಹರಿವು ಕ್ಷುಬ್ಧವಾಗುತ್ತದೆ, ಇದೆಂದೋ ದಾಟಿಹೋಗಿದೆ. ಇಲ್ಲಿ ಖಚಿತವಾಗಿ ಏನನ್ನೂ ಹೇಳಲಾಗದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಅಂಗೈಯನ್ನು ಗ್ರಿಲ್ಲಿಗೆ ಒಡ್ಡಿ, ಕಣ್ಣುಮುಚ್ಚಿ, ಡ್ಯಾಂಪರನ್ನು ಕಾಲು ತಿರುವು ತಿರುಗಿಸಿದರು. ಶಬ್ದ ನಿಂತಿತು. "ಎಷ್ಟು ತಿರುಗಿಸಿದ್ರಿ?" ಎಂದೆ, ಮೇಡಂನ ಶಿಷ್ಯನಾಗಿ. "ಬೇಕಾದಷ್ಟು" ಎಂದರು.

ಕೈಯಂದಾಜಿನ ಈ ವಿದ್ಯೆಗೆ ನಗಬಾರದು. 828 ಮೀಟರ್ ಎತ್ತರದ ಬುರ್ಜ್ ಖಲೀಫಾ ನಿಂತಿರುವುದು ಇದರ ದೊಡ್ಡಣ್ಣನ ಮೇಲೆ. ಅಷ್ಟು ಎತ್ತರಕ್ಕೆ ಗಾಳಿ ಬಡಿದಾಗ ಪಕ್ಕಗಳಲ್ಲಿ ಸುಳಿಗಳೇಳುತ್ತವೆ. ಎಲ್ಲ ಮಹಡಿಗಳಲ್ಲೂ ಸುಳಿಗಳು ಒಂದೇ ತಾಳದಲ್ಲಿ ಎದ್ದರೆ ಗೋಪುರ ತೂಗಾಡುತ್ತದೆ. ಅದಕ್ಕೇ ಅದರ ಆಕಾರ ಮೇಲೆ ಹೋದಂತೆ ಹಂತಹಂತವಾಗಿ ಬದಲಾಗುತ್ತದೆ, ಸುಳಿಗಳಿಗೆ ತಾಳ ತಪ್ಪುವ ಹಾಗೆ. ವಿನ್ಯಾಸ ಮಾಡಿದವರು ಸಣ್ಣ ಮಾದರಿಗಳನ್ನು ಗಾಳಿಸುರಂಗದಲ್ಲಿ ಇಟ್ಟು, ನೋಡಿ, ಆಕಾರವನ್ನು ತಿದ್ದಿದರು. ಪರಿಹಾರ ಇದೆಯೆಂದು ಗಣಿತದವರು ಇನ್ನೂ ಸಾಧಿಸದ ಸಮೀಕರಣದ ಗಾಳಿಯಲ್ಲಿ, 2010ರ ಜನವರಿಯಿಂದ ಜನ ಅಲ್ಲಿ ಮೇಲೆ ನಿಂತು ಸೆಲ್ಫಿ ತೆಗೆಯುತ್ತಿದ್ದಾರೆ.

ಬುರ್ಜಿನ ವಿಷಯ ಬಂದದ್ದಕ್ಕೆ ರಂಜಾನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಗಣಿತ ಓದಿದ್ದು ಸಾರ್ಥಕವೆನಿಸಿದ್ದು ಅಲ್ಲಿ. ಉಪವಾಸ ಬಿಡುವುದು ಸೂರ್ಯ ಮುಳುಗಿದ ಮೇಲೆ. ಆದರೆ ಎತ್ತರದಲ್ಲಿ ಇರುವವನಿಗೆ ದಿಗಂತ ಕೆಳಗಿಳಿದಿರುತ್ತದೆ, ನೆಲದವನಿಗೆ ಮುಳುಗಿದ ಸೂರ್ಯ ಅವನಿಗೆ ಇನ್ನೂ ಕಾಣುತ್ತಿರುತ್ತಾನೆ. 2011ರಲ್ಲಿ ದುಬೈಯ ಧರ್ಮಗುರುಗಳು ಇದಕ್ಕೊಂದು ತೀರ್ಮಾನ ಕೊಟ್ಟರು: 80ನೇ ಮಹಡಿಯಿಂದ ಮೇಲಿನವರು ಎರಡು ನಿಮಿಷ, 150ರಿಂದ ಮೇಲಿನವರು ಮೂರು ನಿಮಿಷ ತಡೆದು ಖರ್ಜೂರ ಬಾಯಿಗೆ ಹಾಕಬೇಕು. ನಾನು ಕಾಗದ ತೆಗೆದೆ. ಎತ್ತರದ ಎರಡರಷ್ಟನ್ನು ಭೂಮಿಯ ತ್ರಿಜ್ಯದಿಂದ ಭಾಗಿಸಿ ವರ್ಗಮೂಲ ತೆಗೆದರೆ ದಿಗಂತ ಇಳಿದ ಕೋನ ಸಿಗುತ್ತದೆ. 148ನೇ ಮಹಡಿಯ ವೀಕ್ಷಣಾ ಕಟ್ಟೆ 555 ಮೀಟರ್ ಮೇಲಿದೆ. ಅಲ್ಲಿಗೆ ಕೋನ ಮುಕ್ಕಾಲು ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ, ಮೇಲಾಗಿ ದುಬೈಯಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ. ಒಟ್ಟು ಮೂರು ನಿಮಿಷ, ಚಿಲ್ಲರೆ. ಗುರುಗಳ ಲೆಕ್ಕ ಹೆಚ್ಚು ಕಡಿಮೆ ತಾಳೆಯಾಯಿತು.

ಹನ್ನೊಂದನೆಯ ಶತಮಾನದಲ್ಲಿ ಅಲ್ ಬಿರೂನಿ ಇದೇ ಲೆಕ್ಕವನ್ನು ತಿರುವುಮುರುವು ಮಾಡಿದ್ದ. ಈಗ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಹತ್ತಿರದ ಬೆಟ್ಟ ಹತ್ತಿ, ದಿಗಂತ ಎಷ್ಟು ಇಳಿದಿದೆ ಎಂದು ಅಳೆದು, ಅದರಿಂದ ಭೂಮಿಯ ತ್ರಿಜ್ಯವನ್ನೇ ತೆಗೆದ. ಅವನಿಗೆ ಲಿಫ್ಟ್ ಇರಲಿಲ್ಲ.

ಆದರೂ ನನ್ನೊಳಗಿನ ಕೊಣಾಜೆಯವನು ಸುಮ್ಮನಿರಲಿಲ್ಲ. ಎತ್ತರ ನಿರಂತರವಾಗಿ ಏರುವಾಗ ಸಮಯ ಹೀಗೆ 80ರಲ್ಲಿ ಒಮ್ಮೆ, 150ರಲ್ಲಿ ಒಮ್ಮೆ ಜಿಗಿಯುವುದು ಹೇಗೆ? ಇದು ಸ್ಟೆಪ್ ಫಂಕ್ಷನ್ ಆಯಿತಲ್ಲ? 79ನೇ ಮಹಡಿಯವನು ಮೆಟ್ಟಿಲು ಹತ್ತುತ್ತಾ ಖರ್ಜೂರ ತಿಂದರೆ? ಲ್ಯಾಬಿನಲ್ಲಿ ಜೊತೆಗಿರುವ ಅಲೆಕ್ಸಾಂಡ್ರಿಯಾದ ಗೆಳೆಯ, ಆ ಹೊತ್ತಿಗೆ ಹದಿನಾಲ್ಕು ತಾಸು ಹಸಿದಿದ್ದವನು, ನನ್ನನ್ನು ಬಹಳ ಹೊತ್ತು ನೋಡಿದ. "ಹಸಿದವನಿಗೆ ಡಿಫರೆನ್ಷಿಯಲ್ ಕ್ಯಾಲ್ಕುಲಸ್ ಹೇಳಬೇಡ" ಎಂದ.

ದುಬೈಗೂ ಅಬುಧಾಬಿಗೂ ನಡುವಿನ ರಸ್ತೆಯಲ್ಲೇ ನನ್ನ ಎರಡು ಶಾಸ್ತ್ರಗಳ ವ್ಯತ್ಯಾಸವನ್ನು ಸರ್ಕಾರಗಳು ಬೋರ್ಡು ಹಾಕಿ ತೋರಿಸಿವೆ. ದುಬೈ ಭಾಗದ ಹೆದ್ದಾರಿಯಲ್ಲಿ ಬೋರ್ಡು 120 ಎನ್ನುತ್ತದೆ, ಆದರೆ 20 ಕಿಲೋಮೀಟರ್ ಮಾಫಿ. ಕ್ಯಾಮೆರಾ ಮಿನುಗುವುದು 140 ದಾಟಿದ ಮೇಲೆ. ಅಬುಧಾಬಿಯೂ ಮೊದಲು ಹೀಗೇ ಇತ್ತು. 2018ರ ಆಗಸ್ಟಿನಲ್ಲಿ ಅವರು ಮಾಫಿಯನ್ನು ತೆಗೆದುಹಾಕಿ, ಬೋರ್ಡಿನಲ್ಲೇ 140 ಎಂದು ಬರೆದರು. 141 ಆದರೆ ದಂಡ. ಎರಡೂ ಕಡೆ ಕಾರು ಓಡುವುದು ಒಂದೇ ವೇಗದಲ್ಲಿ. ದುಬೈ ಭೌತವಿಜ್ಞಾನಿ: ಅಳತೆ ಹೇಳಿ, ಪಕ್ಕದಲ್ಲಿ ಹೆಚ್ಚು ಕಡಿಮೆಯ ಗುರುತು ಹಾಕುತ್ತದೆ. ಅಬುಧಾಬಿ ಗಣಿತಜ್ಞ: ಮೇಲ್ಮಿತಿ ಎಂದರೆ ಮೇಲ್ಮಿತಿ. ಗಣಿತ ಓದಿದ ನಾನು ಅಬುಧಾಬಿಯಲ್ಲಿ ಭೌತಶಾಸ್ತ್ರ ಮಾಡುವುದು, ಭೌತಶಾಸ್ತ್ರ ಬಲ್ಲ ಮಾವ ದುಬೈಯಲ್ಲಿ ದಿರ್ಹಮಿನ ಲೆಕ್ಕ ಹಾಕುವುದು, ಇದು ಮಾತ್ರ ಯಾಕೋ ಅದಲುಬದಲಾಗಿದೆ.

ಈಗ ಸೂರ್ಯನ ವಿಷಯ. ಅದಿಲ್ಲದಿದ್ದರೆ ನಾನು ಒಂದು ವರ್ಷದಲ್ಲೇ ವಾಪಸು ಬಂದು ಬಿಎಡ್ ಸೇರುತ್ತಿದ್ದೆ. ಎಮ್ಮೆಸ್ಸಿಯಲ್ಲಿ ನಾವು ಲೆಜಾಂಡ್ರ್ ಬಹುಪದಗಳನ್ನು ಹತ್ತು ಅಂಕದ ಪ್ರಶ್ನೆಯೆಂದು ಓದಿದವರು. ಅವು ಒಂದಕ್ಕೊಂದು ಲಂಬ, ಅವು ಪೂರ್ಣ, ಸಾಧಿಸಿರಿ, ಸಾಧಿಸಿದೆವು. ಅವುಗಳಿಂದ ಏನು ಉಪಯೋಗ ಎಂದು ಕೇಳುವುದು ಅಸಭ್ಯತನವಾಗಿತ್ತು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿಳಿಯುತ್ತಿರುತ್ತದೆ. ಮೇಲ್ಪದರದಲ್ಲಿ ಅನಿಲ ಕುಚ್ಚಲಕ್ಕಿ ಗಂಜಿ ಕುದಿಯುವಂತೆ ಕೊತಕೊತ ಕುದಿಯುತ್ತದೆ. ಆ ಗದ್ದಲದಿಂದ ಹುಟ್ಟಿದ ಶಬ್ದದ ಅಲೆಗಳು ಒಳಗೆಲ್ಲ ಸುತ್ತಿ ಬರುತ್ತವೆ. ಅವುಗಳನ್ನು ಬಿಡಿಸಿ ನೋಡಲು ಬೇಕಾಗುವುದು ಇದೇ ಲೆಜಾಂಡ್ರನ ಸಂಸಾರ. 2010ರಲ್ಲಿ ನಾಸಾ ಹಾರಿಸಿದ ಎಸ್‌ಡಿಒ ಉಪಗ್ರಹ 45 ಸೆಕೆಂಡಿಗೊಮ್ಮೆ ಸೂರ್ಯನ ಮೈಯ ಚಲನೆಯನ್ನು ಅಳೆದು ಕಳುಹಿಸುತ್ತದೆ. ಪರದೆಯ ಮೇಲೆ ಅದರ ವರ್ಣಪಟಲದಲ್ಲಿ ಸಾಲುಸಾಲಾಗಿ ಎದ್ದ ಗೆರೆಗಳನ್ನು ಮೊದಲ ಸಲ ನೋಡಿದಾಗ, ಹತ್ತು ಅಂಕಕ್ಕೆ ಬಾಯಿಪಾಠ ಮಾಡಿದ್ದೆಲ್ಲ ಅಲ್ಲಿ ಹಾಜರಿ ಕೊಡುತ್ತಿತ್ತು. ನಾನು ಕೆಮ್ಮುವುದನ್ನೂ ಮರೆತೆ.

ಅಬುಧಾಬಿಯಲ್ಲಿ ಈ ಕೆಲಸಕ್ಕೆ ದೊಡ್ಡ ಮನೆ ಎಂದರೆ ಸಾದಿಯಾತ್ ದ್ವೀಪದ ನ್ಯೂಯಾರ್ಕ್ ಯೂನಿವರ್ಸಿಟಿ ಅಬುಧಾಬಿ. ಅಲ್ಲಿನ ಬಾಹ್ಯಾಕಾಶ ವಿಜ್ಞಾನ ಕೇಂದ್ರವನ್ನು ಮುನ್ನಡೆಸಿದವರು ನಮ್ಮವರೇ ಆದ ಕಟೆಪಲ್ಲಿ ಶ್ರೀನಿವಾಸನ್. ಅವರು ಬೆಂಗಳೂರಿನ ಯುವಿಸಿಇಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್‌ಡಿ ಪಡೆದು, ಕ್ಷುಬ್ಧ ಹರಿವಿನ ಭೌತಶಾಸ್ತ್ರದಲ್ಲಿ ಹೆಸರಾದವರು. 2003ರಿಂದ 2009ರವರೆಗೆ ಇಟಲಿಯ ಟ್ರಿಯೆಸ್ಟ್‌ನ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರದ ನಿರ್ದೇಶಕರಾಗಿದ್ದವರು. ಅವರೂ ಒಂದು ವಿಷಯದ ಡಿಗ್ರಿ ಹಿಡಿದು ಇನ್ನೊಂದರ ಅಂಗಳಕ್ಕೆ ಬಂದವರೆಂದು ನನಗೆ ಒಳಗೊಳಗೇ ಸಮಾಧಾನ. 2022ರ ಮಾರ್ಚಿನಲ್ಲಿ ಆ ಗುಂಪು ಸೂರ್ಯನ ಮೇಲೆ ಹೊಸ ಜಾತಿಯ ಸುಳಿಯಲೆಗಳನ್ನು ಕಂಡದ್ದಾಗಿ 'ನೇಚರ್ ಆಸ್ಟ್ರಾನಮಿ'ಯಲ್ಲಿ ಪ್ರಕಟಿಸಿತು. ಸೂರ್ಯ ತಿರುಗುವ ದಿಕ್ಕಿಗೆ ಎದುರಾಗಿ ಓಡುವ ಅಲೆಗಳು. ಓಟ, ಸಿದ್ಧಾಂತ ಹೇಳಿದ್ದಕ್ಕಿಂತ ಮೂರು ಪಟ್ಟು. ನಾನು ಸೋಜಿಗಪಟ್ಟದ್ದು ಅಲೆಗಳನ್ನು ಕಂಡು ಅಲ್ಲ. ಲೆಕ್ಕಕ್ಕೂ ವಾಸ್ತವಕ್ಕೂ ಮೂರು ಪಟ್ಟು ವ್ಯತ್ಯಾಸ ಬಂದರೆ ಗಣಿತ ವಿಭಾಗದಲ್ಲಿ ಮೂರು ದಿನ ಯಾರೂ ಊಟ ಮಾಡುತ್ತಿರಲಿಲ್ಲ, ಇವರು ಸಂಭ್ರಮಿಸಿದರು. ತಾಳೆಯಾಗದಿರುವುದೇ ಇವರಿಗೆ ಹಬ್ಬ.

2024ರ ಏಪ್ರಿಲ್ 16ರಂದು ಎಮಿರೇಟ್ಸಿನಲ್ಲಿ ಮಳೆ ಸುರಿಯಿತು. 75 ವರ್ಷಗಳ ದಾಖಲೆಯಲ್ಲೇ ಅತಿ ಹೆಚ್ಚು. ಅಲ್ ಐನ್ ಬಳಿಯ ಒಂದು ಕಡೆ ಒಂದು ದಿನದೊಳಗೆ 254 ಮಿಲಿಮೀಟರ್. ದುಬೈಯ ರಸ್ತೆಗಳಲ್ಲಿ ಕಾರುಗಳು ತೇಲಿದವು, ವಿಮಾನ ನಿಲ್ದಾಣ ಕೆರೆಯಾಯಿತು, ಮಾವ ನೆಲಮಾಳಿಗೆಯ ಪಂಪುಗಳ ಜೊತೆ ರಾತ್ರಿ ಕಳೆದರು. ಅಮ್ಮ ಗಾಬರಿಯಿಂದ ಫೋನ್ ಮಾಡಿದಾಗ ನಾನು ಅಂಕಿ ಹೇಳಿದೆ. ಪಕ್ಕದಲ್ಲಿದ್ದ ಅಜ್ಜಿಗೆ ಅಮ್ಮ ಅದನ್ನು ಇಂಚಿಗೆ ಇಳಿಸಿ ಹೇಳಿದ್ದು ಕೇಳಿಸಿತು. "ಹತ್ತು ಇಂಚಿಗೆ ಇಷ್ಟು ಬೊಬ್ಬೆಯಾ? ಆಟಿ ತಿಂಗಳಲ್ಲಿ ನಾವು ಬಟ್ಟೆ ಒಣಗಿಸೂದು ಅದರಲ್ಲೇ" ಎಂದರು ಅಜ್ಜಿ.

ಅಜ್ಜಿಗೆ ನಾನು ವಿವರಿಸಲು ಹೊರಟದ್ದು ಬೌಂಡರಿ ಕಂಡಿಷನ್ ಎಂಬುದನ್ನು. ಸಮೀಕರಣ ಒಂದೇ, ನೀರೂ ಒಂದೇ, ಅಂಚಿನಲ್ಲಿ ಏನಿದೆ ಎಂಬುದರ ಮೇಲೆ ಪರಿಹಾರ. ನಮ್ಮಲ್ಲಿ ತೋಡು, ಹೊಳೆ, ಇಳಿಜಾರು, ಕುಡಿಯುವ ಮಣ್ಣು. ಇಲ್ಲಿ ಚಪ್ಪಟೆ ನೆಲ, ಡಾಂಬರು, ವರ್ಷಕ್ಕೊಮ್ಮೆ ನೆನಪಾಗುವ ಚರಂಡಿ. ಹಾಗೆ ನೋಡಿದರೆ ಈ ಪಾಠವನ್ನು ಗಡಿನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಮಲಯಾಳಿಗಳಿಗೆ ನಾನು ಕನ್ನಡದವನು, ಕನ್ನಡಿಗರ ಕೂಟಕ್ಕೆ ಹೋದರೆ ಕೇರಳದವನು, ಭೌತಶಾಸ್ತ್ರದವರಿಗೆ ಗಣಿತದವನು, ಕೊಣಾಜೆಯ ಹಳೆಯ ಗೆಳೆಯರಿಗೆ ದಾರಿ ತಪ್ಪಿದವನು. ಓಣಂ 'ಸದ್ಯ'ದ ಊಟಕ್ಕೂ ಕರೆ ಬರುತ್ತದೆ, ರಾಜ್ಯೋತ್ಸವದ ಹೋಳಿಗೆಗೂ ಕರೆ ಬರುತ್ತದೆ. ಅಂಚಿನಲ್ಲಿ ಇರುವವನಿಗೆ ಊಟಕ್ಕೆ ಮಾತ್ರ ಎಂದೂ ಕೊರತೆಯಿಲ್ಲ.

ಭಟ್ಟರು ಈಗ ನನ್ನನ್ನು ಒಪ್ಪಿಕೊಂಡಿದ್ದಾರೆ. "ಅಬುಧಾಬಿಯಲ್ಲಿ ಸೂರ್ಯನ ಕಂಪೆನಿಯಲ್ಲಿ ಇದ್ದಾನೆ" ಎಂದು ಊರಲ್ಲಿ ಹೇಳುತ್ತಾರಂತೆ. ಹೆಚ್ಚು ಕಡಿಮೆ ಸರಿ. ನಾನು ತಿದ್ದಲು ಹೋಗಿಲ್ಲ.

ಗಣಿತ ಓದಿ ಭೌತಶಾಸ್ತ್ರಕ್ಕೆ ಬರಬಹುದೇ ಎಂದು ಕೊಣಾಜೆಯಿಂದ ಹುಡುಗ ಹುಡುಗಿಯರು ಆಗಾಗ ವಾಟ್ಸಾಪಿನಲ್ಲಿ ಕೇಳುತ್ತಾರೆ. ಧಾರಾಳವಾಗಿ ಬನ್ನಿ. ಲೀನಿಯರ್ ಆಲ್ಜೀಬ್ರಾ ಗಟ್ಟಿ ಇಟ್ಟುಕೊಳ್ಳಿ, ಸ್ವಲ್ಪ ಪೈಥಾನ್ ಕಲಿಯಿರಿ, ಯಾರಾದರೂ ಎಷ್ಟು ಎಂದು ಕೇಳಿದರೆ ಒಂದು ಸಂಖ್ಯೆ ಹೇಳುವ ಅಭ್ಯಾಸ ಮಾಡಿಕೊಳ್ಳಿ. ಮತ್ತು ಮನೆಯಲ್ಲಿ ಯಾರು ಎಷ್ಟೇ ಪ್ರೀತಿಯಿಂದ ಒತ್ತಾಯಿಸಿದರೂ ಡಿಗ್ರಿ ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಸೀಲು ಕೂರುವುದಿಲ್ಲ.